ಮೇಲ್ವಿಚಾರಕ ಮಣಿದರ್ಪಣ

ಆಲಂಕಾರಿಕರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿ ತೃಪ್ತರಾದರು. ನೈಯಾಯಿಕರು ಇನ್ನೂ ಮುಂದೆ ಹೋಗಿ ಇಲ್ಲದಿರುವಿಕೆಯನ್ನೇ ನಾಲ್ಕು ಬಗೆ ಮಾಡಿದರು. ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಕನ್ನಡದ ಶಬ್ದಗಳನ್ನು ಹಿಡಿದುತಂದು ಸಾಲಾಗಿ ಕೂರಿಸಿ, ಯಾರು ಯಾರ ಪಕ್ಕ ಕೂರಬಾರದು ಎಂದೂ ಹೇಳಿಟ್ಟ. ಇಷ್ಟೆಲ್ಲ ನಡೆದ ನಾಡಿನಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿ ಮೇಲ್ವಿಚಾರಕ ಎಂಬ ಜೀವಿಯ ಬಗ್ಗೆ ಮಾತ್ರ ಇಂದಿಗೂ ಒಂದು ಲಕ್ಷಣಗ್ರಂಥವಿಲ್ಲ. ಈ ಜೀವಿ ಮೊದಲು ಮಾರ್ಚ್ ತಿಂಗಳಲ್ಲಿ ಮಾತ್ರ ಹೇರಳವಾಗಿ ಕಾಣಿಸುತ್ತಿತ್ತು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದ ಮೇಲೆ ಮಳೆಗಾಲದಲ್ಲೂ ಕಾಣಸಿಗತೊಡಗಿತು. ಆದ್ದರಿಂದ ಅಧ್ಯಯನಕ್ಕೆ ಇದು ಸಕಾಲ.

ಮೇಲ್ವಿಚಾರಕ ಹುಟ್ಟಿನಿಂದ ಮೇಲ್ವಿಚಾರಕನಲ್ಲ, ಮಾಡಲ್ಪಟ್ಟವನು. ಪರೀಕ್ಷೆಗೆ ಕೆಲವು ದಿನ ಮುಂಚೆ ತಾಲೂಕಿನ ಗುರುಭವನದಲ್ಲೋ ಯಾವುದೋ ಪ್ರೌಢಶಾಲೆಯ ಸಭಾಂಗಣದಲ್ಲೋ ನಡೆಯುವ ಪೂರ್ವಸಿದ್ಧತಾ ಸಭೆಯಲ್ಲಿ, ಹತ್ತೂವರೆಗೆ ಒಳಗೆ ಹೋದ ಮೇಷ್ಟ್ರು ಮಧ್ಯಾಹ್ನ ಮೇಲ್ವಿಚಾರಕನಾಗಿ ಹೊರಗೆ ಬರುತ್ತಾನೆ. ನಡುವೆ ಏನು ನಡೆಯುತ್ತದೆ ಎಂಬುದೇ ಈ ಗ್ರಂಥದ ವಿಷಯ.

ಪ್ರಮಾಣ ನಿರ್ಣಯ

ಈ ಶಾಸ್ತ್ರಕ್ಕೆ ಮೂರು ಪ್ರಮಾಣಗಳಿವೆ. ಮೊದಲನೆಯದು ಶ್ರುತಿ, ಅಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮಂಡಳಿಯಿಂದ ಇಳಿದುಬರುವ ಸುತ್ತೋಲೆ. ಕೆಳಗೆ ಸಹಿ ಇದ್ದರೂ ಇದು ಅಪೌರುಷೇಯ, ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ. 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯಾಗಿ ಹುಟ್ಟಿದ ಸಂಸ್ಥೆ 2022ರಲ್ಲಿ ಪಿಯು ಪರೀಕ್ಷೆಯನ್ನೂ ತೆಕ್ಕೆಗೆ ತೆಗೆದುಕೊಂಡು ‘ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ’ ಆಯಿತು. ಸುತ್ತೋಲೆಯ ವಾಕ್ಯಗಳಿಗೆ ಮಾತ್ರ ಈ ಜನ್ಮಾಂತರದಿಂದ ಏನೂ ಆಗಿಲ್ಲ, ಇಂದಿಗೂ ಅರ್ಧ ಪುಟ ಓದಿದ ಮೇಲೆ ಕ್ರಿಯಾಪದ ಸಿಗುತ್ತದೆ. ಎರಡನೆಯದು ಸ್ಮೃತಿ. ಬಿಇಒ ಸಾಹೇಬರು ಸುತ್ತೋಲೆಯನ್ನು ನೆನಪಿನಿಂದ ಹೇಳುವುದೇ ಇದು. ಮೂರನೆಯದು ಇತಿಹಾಸ. ಇದನ್ನು ಟೀ ಕುಡಿಯುವಾಗ ಹಿರಿಯ ಮೇಷ್ಟ್ರು ಹೇಳುತ್ತಾರೆ: ‘ಆಗೆಲ್ಲ ಕಿಟಕಿಯಲ್ಲಿ ಚೀಟಿ ಬರ್ತಿತ್ತು ಕಣ್ರೀ, ಈಗೇನಿದೆ?’

ಶ್ರುತಿ ಸ್ಮೃತಿಗಳಿಗೆ ವಿರೋಧ ಬಂದರೆ ಶ್ರುತಿಯೇ ಬಲವತ್ತರ ಎಂದು ಮೀಮಾಂಸಕರು. ಗುರುಭವನದಲ್ಲಿ ಸ್ಮೃತಿಯೇ ಬಲವತ್ತರ, ಏಕೆಂದರೆ ಅಮಾನತಿಗೆ ಶಿಫಾರಸು ಮಾಡುವವರು ಎದುರಿಗೇ ಕುಳಿತಿರುತ್ತಾರೆ.

ಲಕ್ಷಣ

ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗಲಬಾರದು. ‘ಪರೀಕ್ಷಾ ಕೊಠಡಿಯಲ್ಲಿದ್ದೂ ಬರೆಯದವನು ಮೇಲ್ವಿಚಾರಕ’ ಎಂದರೆ ಕಡೆಯ ಬೆಂಚಿನ ನಾಲ್ಕೈದು ಹುಡುಗರಿಗೂ ಅದು ಅನ್ವಯಿಸಿ ಅತಿವ್ಯಾಪ್ತಿಯಾಗುತ್ತದೆ. ‘ಉದ್ದಕ್ಕೂ ಕೂರದೆ ನಿಂತಿರುವವನು’ ಎಂದರೆ ಮಂಡಿನೋವಿನ, ನಿವೃತ್ತಿಗೆ ಎರಡು ವರ್ಷವಿರುವ ಮೇಷ್ಟ್ರು ಹೊರಗುಳಿದು ಅವ್ಯಾಪ್ತಿ. ‘ಉತ್ತರ ಗೊತ್ತಿದ್ದೂ ಹೇಳಿಕೊಡದವನು’ ಎಂಬುದು ಕೇಳಲು ಸೊಗಸಾದರೂ ಅಸಂಭವ. ಗಣಿತದ ದಿನ ಗಣಿತದ ಶಿಕ್ಷಕರನ್ನು ಕೊಠಡಿಗೆ ಹಾಕಬಾರದು ಎಂದು ನಿಯಮವೇ ಇದೆ. ಅಂದು ಬರುವ ಕನ್ನಡ ಮೇಡಂ ತ್ರಿಕೋನಮಿತಿ ಬಿಟ್ಟು ಇಪ್ಪತ್ತೈದು ವರ್ಷವಾಗಿರುತ್ತದೆ.

ನಿರ್ದುಷ್ಟ ಲಕ್ಷಣ ಹೀಗೆ: ತನ್ನದಲ್ಲದ ವಿಷಯದ ಪ್ರಶ್ನೆಪತ್ರಿಕೆಯನ್ನು, ತನ್ನದಲ್ಲದ ಶಾಲೆಯಲ್ಲಿ, ತಾನು ಪಾಠ ಮಾಡದ ಮಕ್ಕಳಿಗೆ ಹಂಚಿ, ಅವರು ಬರೆಯುತ್ತಿರುವುದನ್ನು ನೋಡುತ್ತ, ಏನು ಬರೆಯುತ್ತಿದ್ದಾರೆಂದು ಮಾತ್ರ ನೋಡದವನು. ಕಡೆಯ ವಿಶೇಷಣವನ್ನು ಓದುಗರು ಮರೆಯಬಾರದು, ಗ್ರಂಥದ ಭಾರವೆಲ್ಲ ಅದರ ಮೇಲೆಯೇ ನಿಂತಿದೆ.

ಗೈರುಹಾಜರಿ ಪ್ರಕರಣ

ತರಬೇತಿಗೆ ಬಂದವರನ್ನು ವರ್ಗೀಕರಿಸುವುದಕ್ಕಿಂತ ಬಾರದವರನ್ನು ವರ್ಗೀಕರಿಸುವುದು ಸುಲಭ. ಆ ಕೆಲಸವನ್ನು ನೈಯಾಯಿಕರು ಆಗಲೇ ಮಾಡಿಟ್ಟಿದ್ದಾರೆ.

ಪ್ರಾಗಭಾವ ಎಂದರೆ ಹುಟ್ಟುವ ಮೊದಲಿನ ಇಲ್ಲದಿರುವಿಕೆ. ‘ದಾರೀಲಿದೀನಿ ಸರ್, ಬಸ್ಸು ಇನ್ನೂ ಕ್ರಾಸ್ ಬಿಟ್ಟಿಲ್ಲ’ ಎನ್ನುವವರು ಈ ಗುಂಪು. ಇದಕ್ಕೆ ಆದಿಯಿಲ್ಲ, ಅಂತ್ಯವಿದೆ. ಊಟದ ಹೊತ್ತಿಗೆ ಅಂತ್ಯವಾಗುತ್ತದೆ. ಪ್ರಧ್ವಂಸಾಭಾವ ಎಂದರೆ ಇದ್ದದ್ದು ನಾಶವಾದ ಮೇಲಿನ ಇಲ್ಲದಿರುವಿಕೆ: ಉಪ್ಪಿಟ್ಟು ತಿಂದು, ಹಾಜರಿಗೆ ಸಹಿ ಹಾಕಿ, ಹಿಂದಿನ ಬಾಗಿಲಿನಿಂದ ಹೋದವರು. ಇದಕ್ಕೆ ಆದಿಯಿದೆ, ಅಂತ್ಯವಿಲ್ಲ. ಅಂಥವರು ಆ ದಿನ ಮತ್ತೆ ಸಿಗುವುದಿಲ್ಲ. ಅತ್ಯಂತಾಭಾವ ಮೂರು ಕಾಲದಲ್ಲೂ ಇಲ್ಲದಿರುವುದು, ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಲಗತ್ತಾಗಿರುತ್ತದೆ. ಉಳಿದದ್ದು ಅನ್ಯೋನ್ಯಾಭಾವ, ‘ಇವನು ಅವನಲ್ಲ’ ಎಂಬ ರೂಪದ್ದು. ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕಿದಾಗ ಮಾತ್ರ ಸಿದ್ಧಿಸುತ್ತದೆ. ಗದಾಧರ ಭಟ್ಟಾಚಾರ್ಯರಂಥ ನವ್ಯನೈಯಾಯಿಕರಿಗೆ ನಮ್ಮ ಹಾಜರಿ ಪುಸ್ತಕ ಸಿಕ್ಕಿದ್ದರೆ ಇನ್ನೂ ಎರಡು ಸಂಪುಟ ಬರೆಯುತ್ತಿದ್ದರು.

ಪಾಠದ ವಿಷಯ

ಹಾಜರಿದ್ದವರಿಗೆ ಏನು ಹೇಳಿಕೊಡುತ್ತಾರೆ? ವಸ್ತುಗಳ ಬಗ್ಗೆ ಹೇಳಿಕೊಡುತ್ತಾರೆ, ತುಂಬ ಚೆನ್ನಾಗಿಯೇ ಹೇಳಿಕೊಡುತ್ತಾರೆ. ಪ್ರಶ್ನೆಪತ್ರಿಕೆ ತಾಲೂಕು ಖಜಾನೆಯಿಂದ ಮಾರ್ಗಾಧಿಕಾರಿಯ ಜೀಪಿನಲ್ಲಿ ಹೇಗೆ ಬರುತ್ತದೆ, ಲಕೋಟೆಯ ಮೊಹರು ಒಡೆದಿಲ್ಲವೆಂದು ಯಾರಿಗೆ ತೋರಿಸಬೇಕು, ಪ್ರವೇಶಪತ್ರದ ಫೋಟೋವನ್ನೂ ಎದುರಿನ ಮುಖವನ್ನೂ ಹೇಗೆ ತಾಳೆ ನೋಡಬೇಕು (ಮೀಸೆ ಬಂದಿದ್ದರೆ ಗಾಬರಿಯಾಗಬಾರದು), ಗೈರಾದವರನ್ನು ಎಲ್ಲಿ ನಮೂದಿಸಬೇಕು, ಹೆಚ್ಚುವರಿ ಹಾಳೆಯನ್ನು ಯಾವ ಅಂಕಣದಲ್ಲಿ ಬರೆಯಬೇಕು, ಉತ್ತರಪತ್ರಿಕೆಯ ಬಂಡಲ್ಲಿನ ದಾರ ಯಾವ ದಿಕ್ಕಿಗೆ ಬರಬೇಕು. ಪರೀಕ್ಷಾ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಅದರೊಳಗಿನ ಜೆರಾಕ್ಸ್ ಅಂಗಡಿಗಳು ಬಂದ್. ಮಗುವಿನ ನೀರಿನ ಬಾಟಲಿ ಪಾರದರ್ಶಕವಾಗಿರಬೇಕು. ಮೇಷ್ಟ್ರ ಮೊಬೈಲು ಗೇಟಿನಲ್ಲೇ ಮೊಬೈಲ್ ಸ್ವಾಧೀನಾಧಿಕಾರಿಯ ವಶಕ್ಕೆ ಹೋಗಬೇಕು. ಹುದ್ದೆಯ ಹೆಸರು ಕೇಳಿದರೆ ಜಪ್ತಿ ಅಮೀನರ ನೆನಪಾಗುತ್ತದೆ, ನೋಡಿದರೆ ಪಕ್ಕದ ಊರಿನ ಡ್ರಿಲ್ ಮೇಷ್ಟ್ರು. ಕ್ಯಾಮೆರಾ ಇಲ್ಲದ ಹಳೆಯ ಕೀಪ್ಯಾಡ್ ಫೋನು ಇಟ್ಟುಕೊಳ್ಳುವ ಭಾಗ್ಯ ಮುಖ್ಯ ಅಧೀಕ್ಷಕರಿಗೆ ಮಾತ್ರ. ಆ ವಾರ ಮನೆಯ ಅಜ್ಜಿಯ ಫೋನಿಗೆ ಬರುವ ಗೌರವ ವರ್ಷದಲ್ಲಿ ಇನ್ನೆಂದೂ ಬರುವುದಿಲ್ಲ.

ಕಾಲದ ಪಾಠವೂ ಇದೆ. ಗಣಿತದ ದಿನ ಒಟ್ಟು 3 ಗಂಟೆ 15 ನಿಮಿಷ, ಅದರಲ್ಲಿ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಿಕೊಳ್ಳುವುದಕ್ಕೆ. ಯಾವ ಗಂಟೆ ಉದ್ದ, ಯಾವುದು ಗಿಡ್ಡ ಎಂದು ಸಂಪನ್ಮೂಲ ವ್ಯಕ್ತಿ ಬಾಯಲ್ಲೇ ಬಾರಿಸಿ ತೋರಿಸುತ್ತಾರೆ. ಸಭೆ ನಿದ್ದೆಯಿಂದ ಏಳುವುದು ಆಗಲೇ.

ಸ್ಥಾಯಿ ಸಂಚಾರಿ ವಿವೇಕ

ಭರತಮುನಿ ಎಂಟು ಸ್ಥಾಯಿಭಾವ, ಮೂವತ್ತಮೂರು ಸಂಚಾರಿಭಾವಗಳನ್ನು ಹೇಳಿದ. ಇಲಾಖೆಯೂ ನಾಟ್ಯಶಾಸ್ತ್ರ ಓದಿದಂತಿದೆ. ಪ್ರತಿ ಕೇಂದ್ರಕ್ಕೆ ಒಂದು ಸ್ಥಾನಿಕ ಜಾಗೃತದಳ, ತಾಲೂಕಿಗೆ, ಜಿಲ್ಲೆಗೆ ಸಂಚಾರಿ ಜಾಗೃತದಳ. ಸ್ಥಾನಿಕರು ಬೆಳಗಿನಿಂದ ವರಾಂಡದಲ್ಲಿ ಕುಳಿತಿದ್ದು ಮೂರನೆಯ ದಿನದ ಹೊತ್ತಿಗೆ ಕೇಂದ್ರದ ಕುಟುಂಬದವರೇ ಆಗಿಬಿಡುತ್ತಾರೆ. ಸಂಚಾರಿಗಳು ಎಲ್ಲಿಂದಲೋ ಬಂದು, ಮಿಂಚಿ, ಮಾಯವಾಗುತ್ತಾರೆ. ಇಬ್ಬರೂ ಸೇರಿ ಕೊಠಡಿಯಲ್ಲಿ ಉಂಟುಮಾಡುವ ರಸ ಭಯಾನಕ. ರಸಾನುಭವ ಸಹೃದಯನಾದ ಮೇಲ್ವಿಚಾರಕನಿಗೆ. ಮಕ್ಕಳು ತಲೆ ಎತ್ತಿಯೂ ನೋಡುವುದಿಲ್ಲ.

ಇಲ್ಲೊಂದು ತಾರ್ಕಿಕ ತೊಡಕಿದೆ. ಮಗುವನ್ನು ಮೇಲ್ವಿಚಾರಕ ನೋಡಬೇಕು, ಅವನನ್ನು ಮುಖ್ಯ ಅಧೀಕ್ಷಕರು, ಅವರನ್ನು ಸ್ಥಾನಿಕ ದಳ, ಅದನ್ನು ಸಂಚಾರಿ ದಳ. ಸಂಚಾರಿ ದಳವನ್ನು ಯಾರು ನೋಡಬೇಕು? ಕೊನೆಯಿಲ್ಲದ ಈ ಸರಪಳಿಗೆ ಅನವಸ್ಥಾ ದೋಷ ಎಂದು ಹೆಸರು. 2024ರಲ್ಲಿ ಕೊಠಡಿಗೆ ಸಿಸಿ ಕ್ಯಾಮೆರಾ, ಅದಕ್ಕೆ ವೆಬ್‌ಕಾಸ್ಟಿಂಗ್ ತಂದು ದೋಷವನ್ನು ಒಂದೇ ಏಟಿಗೆ ಪರಿಹರಿಸಿದರು. ಈಗ ಎಲ್ಲರನ್ನೂ ಜಿಲ್ಲಾ ಕೇಂದ್ರದಲ್ಲಿ ಕುಳಿತವರು ನೋಡುತ್ತಾರೆ. ಫಲವೂ ಕಣ್ಣಿಗೆ ರಾಚುವಂತೆ ಬಂತು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಮಕ್ಕಳು ಒಂದೇ ವರ್ಷದಲ್ಲಿ ಅಷ್ಟು ದಡ್ಡರಾದರೇ ಎಂದು ಕೆಲವರು ಕೇಳಿದರು. ಹಿಂದಿನ ವರ್ಷ ಅಷ್ಟು ಜಾಣರಾಗಿದ್ದರೇ ಎಂದು ಕೇಳುವುದು ಹೆಚ್ಚು ಶಾಸ್ತ್ರೀಯ.

ಕ್ಯಾಮೆರಾದಿಂದ ಮೇಲ್ವಿಚಾರಕರಲ್ಲೇ ಹೊಸ ಉಪಜಾತಿ ಹುಟ್ಟಿತು. ಇವರು ಆಕಳಿಸುವಾಗ ಗೋಡೆಗೆ ತಿರುಗುತ್ತಾರೆ, ಬೆನ್ನು ತುರಿಸಿಕೊಳ್ಳಬೇಕೆಂದರೆ ಕ್ಯಾಮೆರಾದ ನೇರ ಕೆಳಗೆ ಹೋಗಿ ನಿಲ್ಲುತ್ತಾರೆ. ಅಲ್ಲಿ ಅದಕ್ಕೆ ಕಾಣುವುದಿಲ್ಲ ಎಂಬ ಜ್ಞಾನ ಯಾವ ಸುತ್ತೋಲೆಯಲ್ಲೂ ಇಲ್ಲ, ಗುರುಮುಖದಿಂದಲೇ ಬರಬೇಕು.

ಅನುಮಾನ ಮಾತ್ರ ನೀರಿನ ಹಾಗೆ ಯಾವಾಗಲೂ ಕೆಳಕ್ಕೇ ಹರಿಯುತ್ತದೆ. 2016ರ ದ್ವಿತೀಯ ಪಿಯು ರಸಾಯನಶಾಸ್ತ್ರದ ಪತ್ರಿಕೆಯನ್ನು ನೆನೆಯಿರಿ. ಮಾರ್ಚ್ 21ರಂದು ನಡೆದದ್ದು ಸೋರಿಕೆಯಾಗಿ ರದ್ದಾಯಿತು. 31ಕ್ಕೆ ಮರುಪರೀಕ್ಷೆ ಎಂದರು, ಆ ಪತ್ರಿಕೆಯೂ ಸೋರಿತು. ಕಡೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ರಂದು. ಸೋರಿದ್ದು ಕೊಠಡಿಯಿಂದಲ್ಲ, ಪತ್ರಿಕೆ ಕೊಠಡಿಗೆ ಬರುವ ಎಷ್ಟೋ ಮುಂಚೆ. ಆದರೆ ಅದರಿಂದಾಗಿ ಪರೀಕ್ಷೆ ಕಾಯುವವರೆಲ್ಲರ ತರಬೇತಿಗೆ ಸೇರಿದ ಹೊಸ ಎಚ್ಚರಿಕೆಗಳನ್ನು ಕೇಳಿಸಿಕೊಂಡವರು ಯಾರು? ಬಾಟಲಿಯ ಲೇಬಲ್ಲು ಕಿತ್ತಿದ್ದಾರೋ ಇಲ್ಲವೋ ಎಂದು ಬಗ್ಗಿ ನೋಡುವ ಮೇಷ್ಟ್ರು.

ಮೌನ ಪ್ರಕರಣ

ಮೇಷ್ಟ್ರೆಂದರೆ ತಪ್ಪು ಕಂಡರೆ ಕೈ ಸುಮ್ಮನಿರದ ಜಾತಿ. ಲಗ್ನಪತ್ರಿಕೆಯಲ್ಲಿ ಒತ್ತಕ್ಷರ ಬಿಟ್ಟಿದ್ದರೆ ಮದುವೆ ಊಟಕ್ಕೆ ಕೂರುವ ಮೊದಲೇ ಪೆನ್ನು ತೆಗೆಯುತ್ತಾರೆ. ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿ ‘ಶೌಚಾಲಯ’ದ ದೀರ್ಘ ಕೆಟ್ಟಿದ್ದರೆ ಅವರಿಗೆ ಒಳಗೆ ಹೋದ ಕೆಲಸವೇ ಮರೆತುಹೋಗುತ್ತದೆ. ಅಂಥವರನ್ನು ಒಂದು ಕೋಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ನಡುವೆ ನಿಲ್ಲಿಸಿ, ಎಲ್ಲರೂ ಏಕಕಾಲದಲ್ಲಿ ತಪ್ಪು ಮಾಡುತ್ತಿರುವಾಗ, ಮೂರು ಗಂಟೆ ಸುಮ್ಮನಿರಿ ಎನ್ನುತ್ತೇವೆ. ಮೇಲ್ವಿಚಾರಣೆ ಎಂದರೆ ನೋಡುವ ಕೆಲಸವೆಂದು ಲೋಕ ತಿಳಿದಿದೆ. ಅದು ಮೇಷ್ಟ್ರುತನವನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡುವ ಕೆಲಸ. ಬಂಡಲ್ಲಿನ ದಾರಕ್ಕೆ ಇಪ್ಪತ್ತು ನಿಮಿಷ ಕೊಡುವ ತರಬೇತಿ ಇದಕ್ಕೆ ಅರ್ಧ ನಿಮಿಷವನ್ನೂ ಕೊಡುವುದಿಲ್ಲ.

ನಿದರ್ಶನ: ಗಣಿತದ ದಿನ, ಮೂರನೆಯ ಸಾಲು. ಒಂದು ಹುಡುಗಿ ಸಿಲಿಂಡರಿನ ಘನಫಲದ ಲೆಕ್ಕ ಮಾಡುತ್ತಿದ್ದಾಳೆ. ಸೂತ್ರ ಸರಿ, ಆದೇಶಿಸಿದ ಬೆಲೆಗಳು ಸರಿ, ಕೈಬರಹ ಮುತ್ತು. ನಡುವೆ ಏಳೆಂಟಲ ಐವತ್ತನಾಲ್ಕು ಎಂದು ಬರೆದಿದ್ದಾಳೆ. ಹಿಂದೆ ನಿಂತ ಕನ್ನಡ ಮೇಡಂಗೆ ತ್ರಿಕೋನಮಿತಿ ಮರೆತಿರಬಹುದು, ಮಗ್ಗಿ ಮರೆತಿಲ್ಲ. ಗಂಟಲಲ್ಲಿ ಐವತ್ತಾರು ಬಂದು ನಿಂತಿದೆ. ಉಗುಳುವಂತಿಲ್ಲ, ನುಂಗುವಂತಿಲ್ಲ.

ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂಬುದರ ಮೇಲೆಯೇ ಮೇಲ್ವಿಚಾರಕರ ನಿಜವಾದ ವಿಭಾಗ. ಅಪಸರಣಶೀಲರು ತಕ್ಷಣ ಅಲ್ಲಿಂದ ಸರಿದು ಕಿಟಕಿಯ ಹತ್ತಿರ ಹೋಗಿ ಹುಣಸೆಮರ ನೋಡುತ್ತಾರೆ. ಆ ಮರದಲ್ಲಿ ಏನಿದೆಯೆಂದು ಪ್ರತಿವರ್ಷ ಹೊಸಬರು ಬಗ್ಗಿ ನೋಡುವುದುಂಟು. ಕಾಸಶೀಲರು ಕೆಮ್ಮುತ್ತಾರೆ. ಕೆಮ್ಮಿನಲ್ಲಿ ಐವತ್ತಾರನ್ನು ಸೂಚಿಸುವ ವಿದ್ಯೆ ಯಾರಿಗೂ ಸಿದ್ಧಿಸಿಲ್ಲವಾದರೂ ಯತ್ನ ನಿಂತಿಲ್ಲ. ಸ್ವೇಚ್ಛಾಂಧರೆಂಬ ಮೂರನೆಯ ಗುಂಪಿನ ಮೇಲೆ ನನಗೆ ಬಹಳ ಗೌರವ. ಇವರು ಲಕೋಟೆ ತೆರೆದು, ನೋಂದಣಿ ಸಂಖ್ಯೆಗಳನ್ನು ಪರಿಶೀಲಿಸಿ, ಸಹಿ ಮಾಡಿದೊಡನೆ ಚಾಳೀಸು ತೆಗೆದು ಜೇಬಿಗಿಡುತ್ತಾರೆ. ದೂರದೃಷ್ಟಿ ಚೆನ್ನಾಗಿರುವುದರಿಂದ ಜಾಗೃತದಳದ ಜೀಪು ಗೇಟಿಗೆ ಬಂದಾಗಲೇ ಕಾಣುತ್ತದೆ, ಮಗುವಿನ ಹಾಳೆ ಮಾತ್ರ ಮಂಜು. ಇಲಾಖೆ ಐವತ್ತು ದಾಟಿದವರನ್ನೇ ಮೇಲ್ವಿಚಾರಣೆಗೆ ಹಾಕುವುದು ಸೂಕ್ತವೆಂದು ಗ್ರಂಥಕಾರನ ನಮ್ರ ಸಲಹೆ.

ನಾಲ್ಕನೆಯವರು ಸಾಮಾನ್ಯ ಘೋಷಕರು. ಇವರು ಕೋಣೆಯ ನಡುವೆ ನಿಂತು, ಯಾರ ಕಡೆಗೂ ನೋಡದೆ, ‘ಎಲ್ರೂ ಒಂದ್ಸಲ ಗುಣಾಕಾರ ಸರಿಯಾಗಿ ನೋಡ್ಕೊಳ್ರಪ್ಪಾ’ ಎನ್ನುತ್ತಾರೆ. ಇದು ಅವ್ಯವಹಾರವೋ ಅಲ್ಲವೋ ಎಂಬುದು ದೊಡ್ಡ ವಾದಗ್ರಂಥಕ್ಕೆ ವಸ್ತು. ಎಲ್ಲರಿಗೂ ಹೇಳಿದ್ದರಿಂದ ಯಾರೊಬ್ಬರಿಗೂ ಹೇಳಿದಂತಾಗಲಿಲ್ಲ, ಪಕ್ಷಪಾತವಿಲ್ಲದಲ್ಲಿ ದೋಷವಿಲ್ಲ ಎಂಬುದು ಪೂರ್ವಪಕ್ಷ. ಪಕ್ಕದ ಕೊಠಡಿಯಲ್ಲಿ ಹೇಳದ್ದನ್ನು ಈ ಕೊಠಡಿಯಲ್ಲಿ ಹೇಳಿದರೆ ಇಡೀ ರಾಜ್ಯದ ಮಕ್ಕಳನ್ನು ಒಂದೇ ಅಳತೆಯಲ್ಲಿ ಅಳೆಯುವ ಮಾತೇ ಬಿದ್ದುಹೋಗುತ್ತದೆ ಎಂಬುದು ಸಿದ್ಧಾಂತ. ಸಿದ್ಧಾಂತವೇ ಸರಿ, ಅದನ್ನು ಒಪ್ಪದೆ ಗತಿಯಿಲ್ಲ. ಆದರೆ ಪೂರ್ವಪಕ್ಷಿ ಸಿದ್ಧಾಂತಿಗಳಿಬ್ಬರಿಗೂ ಹೊಳೆಯದ ಮೂರನೆಯ ಪಕ್ಷವನ್ನು ಅನುಭವ ಹೇಳುತ್ತದೆ. ಘೋಷಣೆ ಕೇಳಿ ಐವತ್ತನಾಲ್ಕರ ಹುಡುಗಿ ತಲೆ ಎತ್ತುವುದಿಲ್ಲ, ಅವಳಿಗೆ ತನ್ನ ಮಗ್ಗಿಯ ಮೇಲೆ ಪೂರ್ತಿ ನಂಬಿಕೆ. ಮೊದಲ ಬೆಂಚಿನಲ್ಲಿ ಎಲ್ಲ ಸರಿಯಾಗಿ ಬರೆದ, ಹೆದರುಪುಕ್ಕಲ ಹುಡುಗ ಗಾಬರಿಯಿಂದ ತನ್ನ ಐವತ್ತಾರನ್ನು ಹೊಡೆದುಹಾಕುತ್ತಾನೆ.

ಸೂಚನೆ: ಮಗು ಪ್ರಶ್ನೆಯಲ್ಲಿರುವ ಪದದ ಅರ್ಥ ಕೇಳಿದರೆ? ‘ಹೇಳಬಾರದು.’ ಮುದ್ರಣದೋಷವಿದ್ದರೆ? ‘ಮುಖ್ಯ ಅಧೀಕ್ಷಕರ ಗಮನಕ್ಕೆ ತನ್ನಿ.’ ಅಳುತ್ತಿದ್ದರೆ? ಇದಕ್ಕೆ ಪಿಪಿಟಿಯಲ್ಲಿ ಸ್ಲೈಡ್ ಇಲ್ಲ.

ಅಪೂರ್ವ ಪ್ರಭೇದಗಳು

ಮೇಲ್ವಿಚಾರಕನೇ ಬೇಡ ಎಂಬ ಒಂದು ಪಂಥವೂ ಇತ್ತು. 2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಪದವಿಪೂರ್ವ ಕಾಲೇಜೊಂದರಲ್ಲಿ ಮಧ್ಯಾವಧಿ ಪರೀಕ್ಷೆಗೆ ವಿದ್ಯಾರ್ಥಿಗಳ ತಲೆಗೆ ರಟ್ಟಿನ ಪೆಟ್ಟಿಗೆ ತೊಡಿಸಿ, ಮುಂದೆ ಕಾಣಲು ಒಂದು ಕಡೆ ಕತ್ತರಿಸಿ, ಬರೆಸಿದರು. ಫೋಟೋ ದೇಶವೆಲ್ಲ ಸುತ್ತಿತು, ಶಿಕ್ಷಣ ಸಚಿವರು ಖಂಡಿಸಿದರು, ಪಂಥ ಅಲ್ಲಿಗೇ ನಿಂತಿತು. ತಾರ್ಕಿಕವಾಗಿ ನೋಡಿದರೆ ಪೆಟ್ಟಿಗೆಗೆ ಮಂಡಿನೋವಿಲ್ಲ, ಮೊಬೈಲಿಲ್ಲ, ಮಗ್ಗಿ ಬರುವುದಿಲ್ಲ. ಸುತ್ತೋಲೆ ಬಯಸುವ ಎಲ್ಲ ಗುಣಗಳೂ ಅದರಲ್ಲಿದ್ದವು.

ಆಪದ್ಧರ್ಮ ಮೇಲ್ವಿಚಾರಕ ಕಂಡದ್ದು ಕೊರೊನಾ ಕಾಲದಲ್ಲಿ. 2020ರ ಜೂನ್ 25ರಿಂದ ಪರೀಕ್ಷೆ ನಡೆದಾಗ ಉಷ್ಣಮಾಪಕ, ಸ್ಯಾನಿಟೈಸರ್, ಮಾಸ್ಕುಗಳು ತರಬೇತಿಗೆ ಸೇರಿದವು. ಮರುವರ್ಷ ಜುಲೈ 19 ಮತ್ತು 22, ಎರಡೇ ದಿನ. ಒಂದು ದಿನ ಮೂರು ಕೋರ್ ವಿಷಯ, ಇನ್ನೊಂದು ದಿನ ಮೂರು ಭಾಷೆ, ಎಲ್ಲವೂ ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದು. ಹತ್ತು ವರ್ಷ ‘ಪೂರ್ಣ ವಾಕ್ಯದಲ್ಲಿ ಉತ್ತರಿಸಿ’ ಎಂದು ಕಲಿಸಿದ ಕನ್ನಡದ ಮೇಷ್ಟ್ರು ಮಕ್ಕಳಿಗೆ ‘ಪೂರ್ತಿ ಕಪ್ಪಾಗ್ಬೇಕು, ಗೆರೆ ದಾಟಬಾರ್ದು’ ಎಂದು ಹೇಳಿಕೊಟ್ಟರು. ಆ ವರ್ಷ ಹೆಚ್ಚುಕಡಿಮೆ ಎಲ್ಲರೂ ಪಾಸು. ಆದ್ದರಿಂದ ಮೇಲ್ವಿಚಾರಕನ ಕಣ್ಣಿನ ಹರಿತಕ್ಕೂ ಫಲಿತಾಂಶಕ್ಕೂ ಏನು ಸಂಬಂಧವೆಂದು ಆ ಎರಡು ದಿನಗಳಿಂದ ಯಾವ ಅನುಮಾನವನ್ನೂ ಹೊರಡಿಸುವಂತಿಲ್ಲ.

ಇನ್ನೊಂದು ಪ್ರಭೇದ ವೇದಾಂತಿಗಳಿಗೆ ಪ್ರಿಯವಾಗುವಂಥದು: ಇರುವುದೋ ಇಲ್ಲವೋ ತಿಳಿಯದ ಪರೀಕ್ಷೆಯ ಮೇಲ್ವಿಚಾರಕ. 2024ರ ಮಾರ್ಚ್‌ನಲ್ಲಿ ಐದು, ಎಂಟು, ಒಂಬತ್ತನೆಯ ತರಗತಿಗಳ ಮಂಡಳಿ ಪರೀಕ್ಷೆ. 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ಮರುದಿನವೇ ವಿಭಾಗೀಯ ಪೀಠ ನಡೆಸಿ ಎಂದಿತು. 11ಕ್ಕೆ ಶುರುವಾಯಿತು, 12ಕ್ಕೆ ಸುಪ್ರೀಂ ಕೋರ್ಟು ತಡೆಯಿತು. 22ಕ್ಕೆ ಹೈಕೋರ್ಟು ಮತ್ತೆ ಅನುಮತಿ ಕೊಟ್ಟಿತು, ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟು ಫಲಿತಾಂಶಕ್ಕೇ ತಡೆ ಹಾಕಿತು. ಶಂಕರಾಚಾರ್ಯರು ಜಗತ್ತನ್ನು ಸತ್ತೂ ಅಲ್ಲ, ಅಸತ್ತೂ ಅಲ್ಲ ಎಂದಾಗ ಒಪ್ಪದವರು ಆ ತಿಂಗಳು ಬಿಆರ್‌ಸಿ ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಇರಬೇಕಿತ್ತು. ಐದನೆಯ ತರಗತಿಯ ಮಕ್ಕಳು ಮಾತ್ರ ದ್ವೈತಿಗಳಾಗಿಯೇ ಉಳಿದರು: ‘ಮಿಸ್, ನಾಳೆ ಪರೀಕ್ಷೆ ಇದೆಯಾ, ಆಟ ಇದೆಯಾ?’

ಶೇಷ ಪ್ರಕರಣ

ಎಲ್ಲ ವರ್ಗೀಕರಣದಲ್ಲೂ ಯಾವ ಮನೆಗೂ ಹೊಂದದ ಒಬ್ಬ ಉಳಿಯುತ್ತಾನೆ. ಇಲ್ಲಿ ಅವನು ರಿಲೀವರ್. ಯಾರಿಗಾದರೂ ಶೌಚಕ್ಕೆ ಹೋಗಬೇಕಾದರೆ, ತಲೆ ಸುತ್ತಿದರೆ, ಅವರ ಜಾಗದಲ್ಲಿ ಹತ್ತು ನಿಮಿಷ ನಿಲ್ಲುವವನು. ಉಳಿದ ಹೊತ್ತು ಅಧೀಕ್ಷಕರ ಕೋಣೆಯ ಮೂಲೆಯಲ್ಲಿ ಕುಳಿತು ಲಕೋಟೆಗಳ ಮೇಲೆ ಕೇಂದ್ರದ ಸಂಖ್ಯೆ ಬರೆಯುತ್ತಾನೆ. ಪೂರ್ತಿ ತರಬೇತಿ ಪಡೆದವನು, ತರಬೇತಿಯನ್ನು ತುಂಡುತುಂಡಾಗಿ ಮಾತ್ರ ಪ್ರಯೋಗಿಸುವವನು. ಇವನಿಗೆ ಸಂಭಾವನೆ ಪೂರ್ತಿಯೋ ಅರ್ಧವೋ?

ಈ ಪ್ರಶ್ನೆಯೊಂದಿಗೇ ಸಭೆ ಕಡೆಯ ಘಟ್ಟಕ್ಕೆ ಬರುತ್ತದೆ. ಕವಿರಾಜಮಾರ್ಗ ಕಾವ್ಯಕ್ಕೆ ದಕ್ಷಿಣ, ಉತ್ತರ ಎಂದು ಎರಡು ಮಾರ್ಗ ಹೇಳಿದೆ. ಸಂಭಾವನೆಯ ಪ್ರಶ್ನೆಗೂ ಎರಡು ಮಾರ್ಗಗಳಿವೆ. ದಕ್ಷಿಣದಲ್ಲಿ ಹಿಂದಿನ ಸಾಲಿನಿಂದ, ‘ಸಾರ್, ಹೋದ್ ವರ್ಷದ ದುಡ್ಡೇ ಇನ್ನೂ ಬಂದಿಲ್ವಲ್ಲ?’ ಉತ್ತರದಲ್ಲಿ ಮುಂದಿನ ಸಾಲಿನಿಂದಲೇ, ‘ಸರ, ಹ್ವಾದ ವರ್ಷದ ರೊಕ್ಕ ಯಾವಾಗ ಹಾಕ್ತೀರಿ?’ ಸಂಪನ್ಮೂಲ ವ್ಯಕ್ತಿಯ ಪರಿಹಾರ ಎರಡು ಮಾರ್ಗದಲ್ಲೂ ಒಂದೇ. ಅವರು ಪ್ರೊಜೆಕ್ಟರಿನ ವೈರು ಸುತ್ತುತ್ತ, ಊಟಕ್ಕೆ ಹಿಂದಿನ ಕಟ್ಟಡದಲ್ಲಿ ವ್ಯವಸ್ಥೆ ಮಾಡಲಾಗಿದೆ, ಕೂಪನ್ ಸಹಿ ಮಾಡಿದವರಿಗೆ ಮಾತ್ರ ಎನ್ನುತ್ತಾರೆ. ಪ್ರಧ್ವಂಸಾಭಾವದವರ ಕೂಪನ್ನುಗಳನ್ನು ಯಾರು ತೆಗೆದುಕೊಳ್ಳಬೇಕೆಂಬ ಚರ್ಚೆ ಅಲ್ಲಿಂದ ಶುರುವಾಗುತ್ತದೆ.